ಬೀಟಲ್ ಕಾರಿನ ಹಿಂಚಕ್ರದ ಬಿಗಿದ ನಟ್: ಬಿಚ್ಚುವುದು ಹೇಗೆ, ಮತ್ತೆ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮ ತಾತನವರ ಕಾಲದ 1965ರ ವೋಕ್ಸ್‌ವ್ಯಾಗನ್ ಬೀಟಲ್ ಹಲವು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹಿಂದಿನ ಬ್ರೇಕ್ ಶೂ ಬದಲಿಸಲೆಂದು ಡ್ರಮ್ ತೆಗೆಯಲು ಹೊರಟರೆ, ಚಕ್ರದ ನಡುವಿನ ದೊಡ್ಡ ನಟ್ ಎರಡೂ ಕಡೆ ಅಲುಗಾಡುತ್ತಲೇ ಇಲ್ಲ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕೆಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ, ಗ್ಯಾಸ್‌ನಿಂದ ಕಾಯಿಸಬೇಕೆಂದು ಇನ್ನೊಬ್ಬರು. ಯಾವುದು ಸರಿ? – ಮೈಸೂರಿನ ಓದುಗರು

ಉತ್ತರ: ದಯವಿಟ್ಟು ಎರಡನ್ನೂ ಮಾಡಿಸಬೇಡಿ. ಉಳಿಯ ಪೆಟ್ಟಿಗೆ ನಟ್ಟಿನ ಅಂಚು ಹರಿದುಹೋಗುತ್ತದೆ, ಗುರಿ ತಪ್ಪಿದ ಒಂದೇ ಏಟಿಗೆ ಆಕ್ಸಲ್ಲಿನ ಮರೆ (ನಟ್ ಹತ್ತುವ ತಿರುಪಿನ ಸುತ್ತುಗೆರೆ) ಕೆಡುತ್ತದೆ, ಆ ಆಘಾತವೆಲ್ಲ ಒಳಗಿನ ಬೇರಿಂಗಿಗೂ ತಲುಪುತ್ತದೆ. ಕಾಯಿಸಿದರೆ ಡ್ರಮ್ಮಿನ ಹಿಂದೆಯೇ ಇರುವ ಆಯಿಲ್ ಸೀಲ್ ಸುಟ್ಟು, ಗೇರ್ ಎಣ್ಣೆ ಹೊಸ ಬ್ರೇಕ್ ಶೂಗಳ ಮೇಲೆ ಹರಿಯತೊಡಗುತ್ತದೆ. ಈ ನಟ್ಟಿಗೆ ಬೇಕಾಗಿರುವುದು ಪೆಟ್ಟೂ ಅಲ್ಲ, ಬೆಂಕಿಯೂ ಅಲ್ಲ. ಉದ್ದವಾದ ಹಿಡಿ ಮತ್ತು ನಿಧಾನವಾಗಿ ಏರುವ ಒತ್ತಡ.

ಅದು ಅಷ್ಟು ಬಿಗಿಯಾಗಿರುವುದಕ್ಕೆ ತುಕ್ಕು ಒಂದೇ ಕಾರಣವಲ್ಲ. ಬೀಟಲ್ಲಿನ ಹಿಂದಿನ ನಟ್ಟನ್ನು ಕಾರ್ಖಾನೆಯಲ್ಲೇ 30 ಕೆ.ಜಿ.-ಮೀಟರ್, ಅಂದರೆ ಸುಮಾರು 294 ನ್ಯೂಟನ್-ಮೀಟರ್ (217 ಪೌಂಡ್-ಅಡಿ) ಬಲದಿಂದ ಬಿಗಿಯುತ್ತಿದ್ದರು. ಒಂದು ಮೀಟರ್ ಉದ್ದದ ಸರಳಿನ ತುದಿಗೆ 30 ಕೆ.ಜಿ. ತೂಕ ಕಟ್ಟಿ ಇಳಿಬಿಟ್ಟಷ್ಟು ಬಿಗಿ ಅದು. ಅದರ ಮೇಲೆ ವರ್ಷಗಟ್ಟಲೆ ತುಕ್ಕು ಕೂತರೆ, ಬಿಚ್ಚುವುದಕ್ಕೆ ಅದರ ಎರಡು ಪಟ್ಟು ಬಲ ಬೇಕಾದರೂ ಆಶ್ಚರ್ಯವಿಲ್ಲ.

ನಟ್ಟಿನ ಅಳತೆ 36 ಮಿ.ಮೀ. ಮುಕ್ಕಾಲು ಇಂಚಿನ ಡ್ರೈವ್ (ಬಾರು ಕೂರುವ ಚೌಕ ರಂಧ್ರ) ಇರುವ ಒಳ್ಳೆಯ 36ರ ಸಾಕೆಟ್ಟನ್ನೂ ಅದಕ್ಕೆ ಹೊಂದುವ ಗಟ್ಟಿ ಬಾರನ್ನೂ ಕೊಂಡುಕೊಳ್ಳಿ. ಅರ್ಧ ಇಂಚಿನವು ಇಷ್ಟು ಬಲಕ್ಕೆ ಮುರಿದು, ಒತ್ತುತ್ತಿರುವವರನ್ನು ನೆಲಕ್ಕೆ ಕೆಡವುತ್ತವೆ. ಇದು ದಂಡದ ಖರ್ಚಲ್ಲ, ಏಕೆಂದರೆ ಇದೇ ಕಾರಿನ ಇಂಜಿನ್ನಿನ ಭಾರಚಕ್ರವಾದ ಫ್ಲೈವೀಲ್ ಹಿಡಿದಿಡುವ ನಟ್ಟೂ 36 ಮಿ.ಮೀ.ದ್ದೇ. ಬಾರಿನ ಮೇಲೆ ತೂರಿಸಲು ಒಂದೂವರೆ ಮೀಟರಿನಷ್ಟು ಉದ್ದದ ದಪ್ಪ ಕಬ್ಬಿಣದ ಪೈಪು ಬೇಕು.

ಕಾರನ್ನು ಜಾಕ್ ಮೇಲೆ ಎತ್ತಿಟ್ಟು ಈ ಕೆಲಸಕ್ಕೆ ಕೈ ಹಾಕಲೇಬಾರದು. ನಾಲ್ಕೂ ಚಕ್ರ ನೆಲದ ಮೇಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಕಾರು ಗೇರಿನಲ್ಲಿರಲಿ, ಚಕ್ರಗಳ ಹಿಂದೆ ಮುಂದೆ ಮರದ ಅಡ್ಡೆ ಕೊಡಿ. ಹಬ್ ಕ್ಯಾಪ್ ತೆಗೆದರೆ ಚಕ್ರದ ನಡುವಿನಿಂದಲೇ ನಟ್ ಸಿಗುತ್ತದೆ. ಮೊದಲು, ನಟ್ ತಾನಾಗಿ ತಿರುಗದಂತೆ ಅಡ್ಡಲಾಗಿ ತೂರಿಸಿರುವ ಹಳೆಯ ಸ್ಪ್ಲಿಟ್ ಪಿನ್ನನ್ನು ಪೂರ್ತಿ ತೆಗೆಯಿರಿ; ಮುರಿದ ತುಂಡು ರಂಧ್ರದಲ್ಲಿ ಉಳಿದಿದ್ದರೆ ಸಣ್ಣ ಪಂಚ್‌ನಿಂದ ತಟ್ಟಿ ಹೊರಗೆ ಹಾಕಿ. ಪಿನ್ನಿನ ಚೂರು ಒಳಗಿರುವಾಗಲೇ ನಟ್ ತಿರುಗಿಸಿ ಆಕ್ಸಲ್ಲಿನ ಮರೆ ಕೆಡಿಸಿಕೊಂಡ ಕಾರುಗಳನ್ನು ನಾನು ಕಂಡಿದ್ದೇನೆ. ಆಮೇಲೆ ಹೊರಗೆ ಕಾಣುವ ಮರೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು ರಾತ್ರಿಯಿಡೀ ಹಾಗೆಯೇ ಬಿಡಿ. ಸುರಿದರೆ ಅದು ಬ್ರೇಕಿನತ್ತ ಇಳಿಯುತ್ತದೆ.

ಹಿಂದಿನ ಎರಡೂ ನಟ್ಟುಗಳ ಮರೆ ಸಾಮಾನ್ಯವಾದುದೇ, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಆದ್ದರಿಂದ ಕಾರಿನ ಎಡಚಕ್ರದಲ್ಲಿ ಪೈಪಿನ ತುದಿ ಕಾರಿನ ಮುಂಭಾಗದ ಕಡೆಗೂ ಬಲಚಕ್ರದಲ್ಲಿ ಹಿಂಭಾಗದ ಕಡೆಗೂ ಬರುವಂತೆ ಹಿಡಿದು ಕೆಳಕ್ಕೆ ಒತ್ತಬೇಕು. ಪೈಪು ಮಡ್‌ಗಾರ್ಡಿಗೆ ತಾಗದಷ್ಟು ಹೊರಗೆ ಬರಲು ಸಾಕೆಟ್ಟಿಗೂ ಬಾರಿಗೂ ನಡುವೆ ಒಂದು ಎಕ್ಸ್‌ಟೆನ್ಷನ್ (ಜೋಡಿಸುವ ಸರಳು) ಹಾಕಬೇಕಾಗುತ್ತದೆ. ಹಾಗೆ ಹಾಕಿದಾಗ ಸಾಕೆಟ್ ವಾಲಿ ನಟ್ಟಿನಿಂದ ಜಾರದಂತೆ, ಎಕ್ಸ್‌ಟೆನ್ಷನ್ನಿನ ಹೊರತುದಿಯ ಕೆಳಗೆ ಒಂದು ಜಾಕ್ ಸ್ಟ್ಯಾಂಡ್ ಆಸರೆಯಾಗಿ ನಿಲ್ಲಿಸಿ. ಪೈಪಿನ ಮೇಲೆ ಜಿಗಿಯಬೇಡಿ. ಮೈಭಾರವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಹಾಗೆಯೇ ಕೆಲವು ಕ್ಷಣ ಒತ್ತಿ ಹಿಡಿದರೆ, 'ಟಕ್' ಎಂಬ ಸದ್ದಿನೊಂದಿಗೆ ನಟ್ ಬಿಟ್ಟುಕೊಡುತ್ತದೆ. ಬಿಡದಿದ್ದರೆ ಮತ್ತೆ ಎಣ್ಣೆ ಹಾಕಿ ಇನ್ನೊಂದು ದಿನ ಕಾಯಿರಿ, ಅಥವಾ ಗೇರುಗಳ ಮೂಲಕ ಬಲವನ್ನು ಹಲವು ಪಟ್ಟು ಹೆಚ್ಚಿಸುವ ಟಾರ್ಕ್ ಮಲ್ಟಿಪ್ಲೈಯರ್ ಇರುವ ಗ್ಯಾರೇಜನ್ನು ಹುಡುಕಿ. ಎರಡೂ ನಟ್ಟು ಸಡಿಲವಾದ ಮೇಲಷ್ಟೇ ಕಾರು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ.

ಡ್ರಮ್ ತಕ್ಷಣ ಬಾರದಿದ್ದರೆ ಹ್ಯಾಂಡ್ ಬ್ರೇಕ್ ಇಳಿಸಿ, ಬ್ರೇಕ್ ಅಡ್ಜಸ್ಟರ್‌ಗಳನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಸಡಿಲಿಸಿ. ಡ್ರಮ್ ಎಳೆದು ತೆಗೆಯುವ ಪುಲ್ಲರ್ ಹಾಕುವುದಾದರೆ ಚಕ್ರದ ಬೋಲ್ಟ್ ರಂಧ್ರಗಳಿಗೆ ಹಿಡಿಯುವಂಥದ್ದೇ ಆಗಬೇಕು, ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಬೀಡು ಕಬ್ಬಿಣದ ಡ್ರಮ್ ಬಿರಿಯುತ್ತದೆ. ಇನ್ನೊಂದು ಎಚ್ಚರಿಕೆ: ಆ ಕಾಲದ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಬಿಚ್ಚುವುದಕ್ಕೆ ಪಟ್ಟ ಶ್ರಮದಲ್ಲಿ ದಣಿದು, ಬಿಗಿಯುವಾಗ ಅಸಡ್ಡೆ ಮಾಡುವವರೇ ಹೆಚ್ಚು. ನನಗೆ ಹೆಚ್ಚು ಆತಂಕವಿರುವುದು ಈ ಹಂತದ ಬಗ್ಗೆಯೇ. ಈ ಕಾರಿನಲ್ಲಿ ಡ್ರಮ್ ಆಕ್ಸಲ್ಲಿನ ಹಲ್ಲುಗಳ ಮೇಲೆ ಕೂತಿರುತ್ತದೆ, ಚಕ್ರ ಡ್ರಮ್ಮಿಗೆ ಬೋಲ್ಟ್ ಆಗಿರುತ್ತದೆ, ಇವೆಲ್ಲವನ್ನೂ ಹಿಡಿದಿಟ್ಟಿರುವುದು ಆ ಒಂದೇ ನಟ್ಟು. ಅದು ಸ್ವಲ್ಪ ಸಡಿಲವಿದ್ದರೂ ಗೇರ್ ಬದಲಿಸಿದಾಗಲೆಲ್ಲ ಡ್ರಮ್ ಹಿಂದೆ ಮುಂದೆ ಅಲುಗಿ ಹಲ್ಲುಗಳು ಸವೆಯುತ್ತವೆ. ಕೊನೆಗೆ ಇಂಜಿನ್ ಓಡಿದರೂ ಕಾರು ಕದಲುವುದಿಲ್ಲ, ನಟ್ಟೇ ಕಳಚಿದರೆ ಚಕ್ರವೇ ಹೊರಬರುತ್ತದೆ. ಆದ್ದರಿಂದ ಡ್ರಮ್ಮಿನ ಒಳಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಸವೆದು ಚೂಪಾಗಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಡ್ರಮ್ಮನ್ನೇ ಬದಲಿಸಬೇಕು.

ಮರೆಯನ್ನು ಶುಚಿಮಾಡಿ, ಡ್ರಮ್ ಕೂರಿಸಿ, ನಟ್ಟನ್ನು ಮೊದಲು ಕೈಯಿಂದ ತಿರುಗಿಸಿ. ನಾಲ್ಕಾರು ಸುತ್ತು ಕೈಯಲ್ಲೇ ಹೋಗದಿದ್ದರೆ ಮರೆ ಕೆಟ್ಟಿದೆ ಎಂದೇ ಅರ್ಥ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಮರದ ಅಡ್ಡೆಗಳನ್ನು ಮತ್ತೆ ಕೊಟ್ಟು ಪೂರ್ತಿ ಬಿಗಿಯಿರಿ. ಬಿಗಿಯ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚುಗಳಲ್ಲಿ, ಗ್ಯಾರೇಜುಗಳಲ್ಲಿರುವ ಅನೇಕವು 210 ನ್ಯೂಟನ್-ಮೀಟರಿಗೇ ನಿಲ್ಲುತ್ತವೆ. ದೊಡ್ಡದು ಸಿಗದಿದ್ದರೆ ಲೆಕ್ಕ ಸುಲಭ: ಪೈಪನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ನಟ್ಟಿನ ನಡುವಿನಿಂದ 50 ಸೆಂ.ಮೀ. ದೂರದಲ್ಲಿ ಗುರುತು ಮಾಡಿ, ಅಲ್ಲಿ 60 ಕೆ.ಜಿ. ತೂಕದವರು ತಮ್ಮ ಪೂರ್ತಿ ಭಾರ ಬಿಟ್ಟರೆ 30 ಕೆ.ಜಿ.-ಮೀಟರ್ ಆಗುತ್ತದೆ. ನಿಮ್ಮ ತೂಕ 75 ಕೆ.ಜಿ. ಇದ್ದರೆ ಗುರುತು 40 ಸೆಂ.ಮೀ.ಗೆ ಬರಲಿ.

ಅಷ್ಟು ಬಿಗಿದ ಮೇಲೂ ಪಿನ್ನಿನ ರಂಧ್ರ ನಟ್ಟಿನ ಅಂಚಿನ ಸೀಳಿಗೆ ನೇರವಾಗದಿದ್ದರೆ, ಮುಂದಿನ ಸೀಳು ಬರುವವರೆಗೆ ಇನ್ನೂ ಬಿಗಿಯಿರಿ. ಎಂದಿಗೂ ಹಿಂದಕ್ಕೆ ಸಡಿಲಿಸಬೇಡಿ. ಪಿನ್ ಪ್ರತಿ ಸಲವೂ ಹೊಸದೇ ಆಗಿರಬೇಕು. ಕೆಲವು ದಿನ ಓಡಿಸಿದ ಬಳಿಕ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ. ಈ ಅಂಕಿಗಳು ಬೀಟಲ್ಲಿಗೆ ಮಾತ್ರ. ಅದೇ ಕಂಪನಿಯ ವ್ಯಾನ್ ಆದರೆ ಅದರ ಕೈಪಿಡಿಯನ್ನೇ ನೋಡಬೇಕು.

ಪ್ರಶ್ನೆ: ನನ್ನ ಬೀಟಲ್ಲಿನ ಮುಂದಿನ ಎಡಚಕ್ರದ ನಟ್ಟನ್ನು ಬಿಚ್ಚಲು ಹೋದಷ್ಟೂ ಅದು ಬಿಗಿಯಾಗುತ್ತಿದೆ. ಏನು ಕಾರಣ? – ಹಾಸನದ ಓದುಗರು

ಉತ್ತರ: ಅಲ್ಲಿ ಮಾತ್ರ ಮರೆ ತಿರುಗುಮುರುಗಾಗಿದೆ, ಬಲಕ್ಕೆ ತಿರುಗಿಸಿ ಬಿಚ್ಚಿ. ಕಾರು ಮುಂದೆ ಹೋಗುವಾಗ ಎಡಚಕ್ರ, ಹೊರಗಿನಿಂದ ನೋಡಿದರೆ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಸಾಮಾನ್ಯ ಮರೆ ಇದ್ದರೆ ಬೇರಿಂಗಿನ ಎಳೆತಕ್ಕೆ ನಟ್ ತಾನಾಗಿಯೇ ಸಡಿಲವಾಗಬಹುದೆಂದು ಹೀಗೆ ಮಾಡಿದ್ದಾರೆ. ಸ್ಪೀಡೋಮೀಟರ್ ಕೇಬಲ್ ಕೂಡ ಆ ಚಕ್ರದ ಟೊಳ್ಳು ಆಕ್ಸಲ್ಲಿನೊಳಗಿಂದ ಬಂದು ಹೊರಗಿನ ಮುಚ್ಚಳಕ್ಕೆ ಸೇರಿರುತ್ತದೆ; ಅದರ ಪಿನ್ ತೆಗೆಯದೆ ಮುಚ್ಚಳ ಕೀಳಬೇಡಿ. ಮತ್ತೆ ಕೂರಿಸುವಾಗ ಇಲ್ಲಿ ಪೈಪಿನ ಕೆಲಸವಿಲ್ಲ. ನಟ್ಟಿನ ಹಿಂದಿನ ವಾಷರ್ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಅತ್ತಿತ್ತ ಸರಿಯುವಷ್ಟು ಮಾತ್ರ ಬಿಗಿದು, ಅಲ್ಲಿಗೇ ಲಾಕ್ ಮಾಡಿ.