ತೊಟ್ಟಿಲು ಇಳಿಸಿ, ಗಾದಿ ಹಾಸಿ

ಪ್ರಶ್ನೆ: ನಾವು ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದೇವೆ. ಮಗನಿಗೆ 14 ತಿಂಗಳು. ಬಾಣಂತನ ಮುಗಿಸಿ ಬರುವಾಗ ನಮ್ಮಪ್ಪ ಹೊಳಲ್ಕೆರೆಯಲ್ಲಿ ಮಾಡಿಸಿದ ತೇಗದ ತೊಟ್ಟಿಲು ಕೊಟ್ಟು ಕಳಿಸಿದ್ದರು. ಇಷ್ಟು ದಿನ ಅದರಲ್ಲೇ ಮಲಗುತ್ತಿದ್ದ. ಈಗ ಎಚ್ಚರವಾದರೆ ಸರಪಳಿ ಹಿಡಿದು ಎದ್ದು ನಿಲ್ಲುತ್ತಾನೆ. ನಮ್ಮ ಮಂಚದ ಮೇಲೆ ಸುತ್ತ ದಿಂಬಿಟ್ಟು ಮಲಗಿಸಿದೆ, ಕಳೆದ ವಾರ ಉರುಳಿ ಬಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ಅತ್ತೆ, ‘ನೆಲದ ಮೇಲೆ ನನ್ನ ಪಕ್ಕ ಮಲಗಲಿ’ ಎಂದು ಹಟ ಹಿಡಿದಿದ್ದಾರೆ. ಮಾವ ಹೋದ ಮೇಲೆ ಅವರು ಪಡಸಾಲೆಯಲ್ಲಿ ಹಳೆಯ ಹತ್ತಿ ಗಾದಿ ಹಾಸಿಕೊಂಡು ಒಬ್ಬರೇ ಮಲಗುತ್ತಾರೆ. ನಿದ್ದೆ ಬರುವುದಿಲ್ಲವೆಂದು ಮಾತ್ರೆ ತಗೊಳ್ಳುತ್ತಾರೆ, ತಗೊಂಡರೆ ಬೆಳಗಿನ ತನಕ ಏಳುವುದಿಲ್ಲ. ಮೊಮ್ಮಗನಿಗೆಂದು ತಾವೇ ಹೊಲಿದ ಕೌದಿ, ಸಾಸಿವೆ ದಿಂಬು ಎಲ್ಲ ಸಿದ್ಧ ಮಾಡಿಟ್ಟಿದ್ದಾರೆ. ಹಾಸಿಗೆಯಲ್ಲಿ ಹೊದಿಕೆಯೂ ಇರಬಾರದು, ಜೀವಕ್ಕೇ ಅಪಾಯ ಎಂದು ನಾನು ಮೊಬೈಲಿನಲ್ಲಿ ನೋಡಿದ್ದೇನೆ. ಹೇಳಿದರೆ ‘ನಾನೂ ಮಕ್ಕಳನ್ನು ಸಾಕಿದೀನಿ’ ಅನ್ನುತ್ತಾರೆ. ಯಜಮಾನರು ಕಟಕಟೆ ಇರುವ ಮಂಚ ಆನ್‌ಲೈನಿನಲ್ಲಿ ತರಿಸೋಣ ಎಂದರು, ಉಳಿದದ್ದು ನೀವಿಬ್ಬರೂ ನೋಡಿಕೊಳ್ಳಿ ಎಂದು ಕೈಬಿಟ್ಟರು. ಮಗುವನ್ನು ನನ್ನಿಂದ ಕಿತ್ತುಕೊಳ್ಳುತ್ತಿದ್ದಾರೇನೋ ಅನಿಸುತ್ತದೆ. ಏನು ಮಾಡಲಿ?
(ಪತ್ರವನ್ನು ಚಿಕ್ಕದು ಮಾಡಲಾಗಿದೆ)

ಉತ್ತರ: ತಂಗಿ, ನಿಮ್ಮ ಪೂರ್ತಿ ಪತ್ರದಲ್ಲಿ ಕೌದಿಗೆ ಒಂದು ಪುಟ, ಸಾಸಿವೆ ದಿಂಬಿಗೆ ಅರ್ಧ ಪುಟ ಸಂದಿದೆ. ಅತ್ತೆಯ ಮಾತ್ರೆಯ ವಿಷಯ ಮಾತ್ರ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಓದುವಾಗ ನನಗೆ ದಿಗಿಲಾದದ್ದು ಆ ಸಾಲಿಗೆ. ಅಲ್ಲಿಗೆ ಬರುತ್ತೇನೆ, ಅದಕ್ಕೆ ಮುಂಚೆ ತೊಟ್ಟಿಲ ಮಾತು ಮುಗಿಸೋಣ. ಅದು ಇವತ್ತೇ ಇಳಿಯಬೇಕು.

ಮಲಗಿಸಿದಲ್ಲೇ ಮಲಗಿರುವ ಕೂಸಿಗೆ ತೊಟ್ಟಿಲು ಸರಿ. ಮಗು ಅಂಗೈ, ಮೊಣಕಾಲು ಊರಿ ಏಳಲು ಶುರುಮಾಡಿದ ದಿನವೇ ಅದರ ಕಾಲ ಮುಗಿಯಿತು. ನಿಮ್ಮವನು ಸರಪಳಿ ಹಿಡಿದು ನಿಲ್ಲುತ್ತಿದ್ದಾನೆ. ತೂಗುವ ಪೆಟ್ಟಿಗೆಯಲ್ಲಿ ನಿಂತವನು ಅಂಚಿನ ಮೇಲೆ ಸ್ವಲ್ಪ ಬಾಗಿದರೂ ಸಾಕು, ಈ ವಯಸ್ಸಿನಲ್ಲಿ ತಲೆಯ ಭಾರವೇ ಹೆಚ್ಚು, ತಲೆ ಕೆಳಗಾಗಿಯೇ ಬೀಳುತ್ತಾನೆ. ತೊಟ್ಟಿಲು ಬೇಡವೆಂದರೆ ಸೀರೆಯ ಜೋಳಿಗೆ ಕಟ್ಟೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಇನ್ನೂ ಕೆಟ್ಟದ್ದು, ಅದರಲ್ಲಿ ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವೂ ಸೇರುತ್ತದೆ. ಇಷ್ಟೆಲ್ಲ ವಿಡಿಯೊ ನೋಡುವ ನಿಮಗೆ ಇದು ಹೊಳೆಯದೆ ಇದ್ದಿರಲಾರದು. ಅಪ್ಪ ಕೊಟ್ಟದ್ದು, ಬಿಚ್ಚಲು ಕೈ ಬರುತ್ತಿಲ್ಲ. ಅತ್ತೆಗೆ ಕೌದಿಯ ಮೇಲಿರುವುದೂ ಅದೇ ಮನಸ್ಸು. ಬಿಚ್ಚಿ, ಎಣ್ಣೆ ಕೈ ಆಡಿಸಿ, ಅಟ್ಟಕ್ಕೆ ಹಾಕಿ. ಮುಂದೆ ಯಾರದಾದರೂ ನಾಮಕರಣಕ್ಕೆ ಕೇಳಿಕೊಂಡು ಬರುತ್ತಾರೆ.

ನೆಲದ ವಿಷಯದಲ್ಲಿ ಅತ್ತೆಯ ಮಾತೇ ಸರಿ. ನಡೆಯಲು ಕಲಿಯುತ್ತಿರುವ ಮಗುವಿಗೆ ನೆಲದ ಮೇಲಿನ ಗಾದಿಗಿಂತ ಒಳ್ಳೆಯ ಹಾಸಿಗೆಯಿಲ್ಲ, ಅಲ್ಲಿಂದ ಉರುಳಿದರೂ ನಾಲ್ಕು ಇಂಚು. ಮಂಚದ ಮೇಲೆ ನೀವು ಕಟ್ಟಿದ ದಿಂಬಿನ ಕೋಟೆಯನ್ನು ಅವನು ಹತ್ತಿಯೇ ಇಳಿದಿರಬೇಕು. ಮಂಚವನ್ನು ಗೋಡೆಗೆ ಒತ್ತಿಸಿದರೂ ಆಗದು, ಗೋಡೆಗೂ ಹಾಸಿಗೆಗೂ ನಡುವಿನ ಸಂದಿಗೆ ಮಗು ಜಾರಿ ಸಿಕ್ಕಿಕೊಳ್ಳುತ್ತದೆ. ಬಿದ್ದು ವಾರವಾಗಿದೆ, ಆಟ ಊಟ ಎಂದಿನಂತಿದ್ದರೆ ಚಿಂತೆ ಬಿಡಿ. ಮುಂದೆಂದಾದರೂ ಬಿದ್ದ ಮೇಲೆ ಎಚ್ಚರ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯದೆ ಮಕ್ಕಳ ಆಸ್ಪತ್ರೆಗೆ ಹೊರಡಿ.

ಗಾದಿ ಎಂದರೆ ಯಾವುದೋ ಗಾದಿಯಲ್ಲ. ದೊಡ್ಡವರು ವರ್ಷಗಟ್ಟಲೆ ಮಲಗಿದ ಹತ್ತಿ ಗಾದಿ ನಡುವೆ ಗುಳಿ ಬಿದ್ದಿರುತ್ತದೆ, ಅಂಚಿನಲ್ಲಿ ಗಂಟುಗಟ್ಟಿರುತ್ತದೆ. ಮಗುವಿಗೆ ಬೇರೆಯದೇ ಮಾಡಿಸಿ. ಇಲ್ಲವೇ ಹಳೆಯದರ ಹತ್ತಿ ಹಿಂಜಿಸಿ, ಗಟ್ಟಿಯಾಗಿ ತುಂಬಿಸಿ, ನಡುನಡುವೆ ಟಾಕಿ ಹಾಕಿಸಿ. ಅಂಗೈಯಿಂದ ಒತ್ತಿ ತೆಗೆದರೆ ಅಚ್ಚು ಉಳಿಯಬಾರದು. ಸ್ಪಂಜಿನ ಮೆತ್ತನೆಯ ಹಾಸಿಗೆ ದೊಡ್ಡವರಿಗೆ ಹಿತ, ಮಗುವಿನ ಮುಖ ಅದರಲ್ಲಿ ಹೂತುಕೊಳ್ಳುತ್ತದೆ. ಗಾದಿಯನ್ನು ಗೋಡೆಯಿಂದ ಒಂದಡಿಯಾದರೂ ಈಚೆಗೆ ಹಾಸಿ. ರಬ್ಬರ್ ಶೀಟ್ ಹಾಕುವುದಾದರೆ ಅದರ ಮೇಲೆ ಹೊದಿಸಿದ ಬಟ್ಟೆಯನ್ನು ನಾಲ್ಕೂ ಕಡೆ ಬಿಗಿಯಾಗಿ ಗಾದಿಯಡಿಗೆ ಸೇರಿಸಿ. ಬೆಳಿಗ್ಗೆ ಗಾದಿ ಎತ್ತಿಡಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ನೆಲಕ್ಕಂಟಿಯೇ ಇದ್ದರೆ ಉಚ್ಚೆಯ ತೇವಕ್ಕೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಇನ್ನು ಕೌದಿ. ಮೊಬೈಲಿನಲ್ಲಿ ನೀವು ನೋಡಿದ್ದು ಸುಳ್ಳಲ್ಲ, ಆದರೆ ಅದು ವರ್ಷ ತುಂಬದ ಕೂಸುಗಳ ಮಾತು. ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಕೂಸು ತೀರಿಕೊಳ್ಳುವ ಘಟನೆಗಳಲ್ಲಿ ಹೆಚ್ಚಿನವು ಮೊದಲ 6 ತಿಂಗಳೊಳಗೆ ಆಗುತ್ತವೆ. ಅದಕ್ಕೇ ಮೊದಲ ವರ್ಷ ಅಂಗಾತ ಮಲಗಿಸಿ, ಹಾಸಿಗೆ ಖಾಲಿ ಇಡಿ ಎಂದು ಮಕ್ಕಳ ವೈದ್ಯರು ಅಷ್ಟು ಕಟ್ಟುನಿಟ್ಟಾಗಿ ಹೇಳುವುದು. ನಿಮ್ಮ ಮಗ ಆ ಗಡಿ ದಾಟಿದ್ದಾನೆ, ಮುಖದ ಮೇಲಿನ ಬಟ್ಟೆಯನ್ನು ತಾನೇ ಕಿತ್ತೆಸೆಯಬಲ್ಲ. ತೆಳ್ಳನೆಯ ಹೊದಿಕೆ ಎದೆಯ ತನಕ ಇರಲಿ, ತೊಂದರೆಯಿಲ್ಲ. ಅತ್ತೆಯ ಕೌದಿ ಏಳೆಂಟು ಪದರದ್ದಾಗಿದ್ದರೆ ಹೊದಿಸಲು ಭಾರ, ಹಾಸಲು ಬಹಳ ಚೆನ್ನ. ಹತ್ತಿರ ಹತ್ತಿರ ಹೊಲಿಗೆ ಹಾಕಿದ ಕೌದಿ ಮುದ್ದೆಯಾಗುವುದಿಲ್ಲ, ಬೆವರು ಹೀರುತ್ತದೆ. ಗಾದಿಯ ಮೇಲೆ ಅದನ್ನೇ ಹಾಸಿ, ಅತ್ತೆಯ ಕೈಯಿಂದಲೇ ಹಾಸಿಸಿ. ಏಪ್ರಿಲ್ ಮೇನಲ್ಲಿ ನಮ್ಮೂರ ಸೆಖೆಗೆ ಹೊದಿಕೆಯ ಮಾತೇ ಇಲ್ಲ. ಚಳಿಗಾಲದಲ್ಲೂ ತುಂಬುತೋಳಿನ ಹತ್ತಿ ಅಂಗಿ, ಒಂದು ತೆಳು ದುಪ್ಪಟಿ ಸಾಕು. ಕೈಕಾಲು ತಣ್ಣಗಿದೆ ಎಂದು ಅಜ್ಜಿಯರು ಮೇಲಿಂದ ಮೇಲೆ ಹೊದಿಸುತ್ತಾರೆ. ನೋಡಬೇಕಾದದ್ದು ಕತ್ತಿನ ಹಿಂಭಾಗ, ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಕುಲಾವಿ ಹೊರಗೆ ಹೋಗುವಾಗ ಇರಲಿ, ನಿದ್ದೆಗೆ ಬೇಡ.

ಸಾಸಿವೆ ದಿಂಬಿನ ವಿಷಯದಲ್ಲಿ ನಾನು ರಾಜಿಯಾಗಲಾರೆ. ತಲೆ ದುಂಡಗಾಗಲೆಂದು ಇಡುವ ದಿಂಬದು, ಹೊರಳಾಡಿ ಮಲಗುವ ಮಗುವಿನ ತಲೆಗೆ ಅದರ ಕೆಲಸವೇನೂ ಉಳಿದಿಲ್ಲ. ಹೊಲಿಗೆ ಬಿಚ್ಚಿಕೊಂಡರೆ ಕಾಳು ಮೂಗಿಗೆ, ಕಿವಿಗೆ, ಗಂಟಲಿಗೆ ಹೋಗುತ್ತದೆ. 2 ವರ್ಷ ತುಂಬುವ ತನಕ ಯಾವ ದಿಂಬೂ ಬೇಕಿಲ್ಲ.

ದುರ್ಗಮ್ಮನ ಗುಡಿಯಲ್ಲಿ ಕಟ್ಟಿಸಿದ ದಾರ ಮಗನ ಕೊರಳಲ್ಲಿದೆ ಎಂದು ಇನ್ನೊಂದು ಕಡೆ ಬರೆದಿದ್ದೀರಿ. ನೆಲದ ಮೇಲೆ ಹೊರಳಿ, ಎದ್ದು ಓಡಾಡುವ ಮಗುವಿನ ಕೊರಳಲ್ಲಿ ದಾರ, ಸರ, ತಾಯಿತ ಯಾವುದೂ ನಿದ್ದೆಯ ಹೊತ್ತಿನಲ್ಲಿ ಇರಕೂಡದು. ಕಿಟಕಿಯ ಚಿಲಕಕ್ಕೆ, ಕಪಾಟಿನ ಹಿಡಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಅದೇ ದಾರವನ್ನು ಉಡಿದಾರದ ಜೊತೆ ನಡುವಿಗೆ ಕಟ್ಟಿ ಎಂದು ಕೇಳಿ ನೋಡಿ. ಅಮ್ಮ ಕಾಯುವುದು ಕೊರಳಲ್ಲಿದ್ದರೆ ಮಾತ್ರವೇ?

ಈಗ ಆ ಒಂದು ಸಾಲಿಗೆ ಬರೋಣ. ಮಾತ್ರೆಯ ಮಂಪರಿನಲ್ಲಿರುವವರ ಪಕ್ಕದಲ್ಲಿ ಮಗು ರಾತ್ರಿ ಮಲಗಬಾರದು. ಮೈಮೇಲೆ ಹೊರಳುವ ಭಯ ಒಂದು, ಅದಕ್ಕಿಂತ ದೊಡ್ಡದು ಮಗು ಎದ್ದು ಹೋದರೆ ತಿಳಿಯದಿರುವುದು. ನೆಲದ ಮೇಲೆ ಮಲಗಿದವನಿಗೆ ಇಡೀ ಮನೆ ತೆರೆದಿದೆ. ನಲ್ಲಿ ನೀರು ದಿನವೂ ಬರದ ನಮ್ಮೂರಲ್ಲಿ ಬಚ್ಚಲಿನ ಬಕೆಟ್ಟು, ಡ್ರಮ್ಮು ಯಾವಾಗಲೂ ತುಂಬಿರುತ್ತವೆ. ಈ ವಯಸ್ಸಿನ ಮಗು ಮುಳುಗಲು ಬಕೆಟ್ಟಿನ ತಳದಲ್ಲಿ ಗೇಣಿಗಿಂತ ಕಡಿಮೆ ನೀರಿದ್ದರೂ ಸಾಕು. ಬಚ್ಚಲ ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸಿ. ಮಾತ್ರೆಯ ಸ್ಟ್ರಿಪ್ ಅತ್ತೆಯ ದಿಂಬಿನಡಿ ಇರುತ್ತದೆಯೋ ಎಂದೂ ನೋಡಿ, ಬಹಳ ಮನೆಗಳಲ್ಲಿ ಅಲ್ಲೇ ಇರುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದನ್ನು ನುಂಗಿದರೂ ಮಗುವಿನ ರಕ್ತದ ಸಕ್ಕರೆ ಜೀವಕ್ಕೆ ಕುತ್ತಾಗುವಷ್ಟು ಇಳಿಯಬಹುದು. ಮಾತ್ರೆಯ ಡಬ್ಬಿ ಇನ್ನು ದೇವರ ಗೂಡಿಗಿಂತ ಮೇಲಿರಲಿ.

ಆದ್ದರಿಂದ ರಾತ್ರಿ ಗಾದಿ ನಿಮ್ಮ ಕೋಣೆಯಲ್ಲಿ, ನಿಮ್ಮ ಮಂಚದಿಂದ ಕೈ ಅಳತೆಯಲ್ಲಿ. ಕೋಣೆಯ ಬಾಗಿಲು ಮುಚ್ಚಿರಲಿ. ಕೂಲರ್ ವೈರು, ಮೊಬೈಲ್ ಚಾರ್ಜರು, ಸೊಳ್ಳೆಯ ಲಿಕ್ವಿಡ್ ಬಾಟಲಿ ಕೈಗೆಟುಕಬಾರದು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ, ಆ ಹೊಗೆ ರಾತ್ರಿಯಿಡೀ ಮಗುವಿನ ಎದೆಗೆ ಹೋಗುತ್ತದೆ. ಕೊಡೆಯಂತೆ ಬಿಚ್ಚುವ ಸಣ್ಣ ಪರದೆಯನ್ನು ಅವನು ಮೈಮೇಲೆ ಎಳೆದುಕೊಳ್ಳುತ್ತಾನೆ, ದೊಡ್ಡ ಸೊಳ್ಳೆಪರದೆ ಕಟ್ಟಿ ಅಂಚನ್ನು ಗಾದಿಯಡಿ ಸೇರಿಸಿ.

ಹಾಗಾದರೆ ಅತ್ತೆಗೆ? 1ರಿಂದ 2 ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಅದರಲ್ಲಿ ಮಧ್ಯಾಹ್ನದ್ದು ಅತ್ತೆಯ ಪಾಲಾಗಲಿ. ಆಗ ಮಾತ್ರೆ ನುಂಗಿರುವುದಿಲ್ಲ, ನೀವೂ ಓಡಾಡಿಕೊಂಡು ಇರುತ್ತೀರಿ. ಅವರ ಪಡಸಾಲೆ, ಅವರ ಕೌದಿ, ಅವರ ಲಾಲಿ, ನೀವು ನಡುವೆ ಹೋಗಬೇಡಿ. ಮಾವನಿಲ್ಲದ ಮನೆಯಲ್ಲಿ ರಾತ್ರಿ ಒಬ್ಬರೇ ಮಲಗುವ ಹೆಂಗಸು ಮೊಮ್ಮಗ ಪಕ್ಕಕ್ಕಿರಲಿ ಎನ್ನುವುದನ್ನು ನೀವು ಕಿತ್ತುಕೊಳ್ಳುವುದು ಎಂದು ಬರೆದಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಆದರೂ ರಾತ್ರಿ ಮಗು ಎಲ್ಲಿರಬೇಕೆಂಬ ತೀರ್ಮಾನ ತಾಯಿತಂದೆಯದು, ಅದನ್ನು ನೀವು ಬಿಟ್ಟುಕೊಡಬೇಕಿಲ್ಲ.

ಹೇಳುವಾಗ ಮೊಬೈಲು ತೋರಿಸಬೇಡಿ. ‘ಅತ್ತೆ, ನೆಲದ ಮೇಲೇ ಮಲಗ್ಲಿ ಅಂದ್ರಲ್ಲ, ಹಂಗೇ ಮಾಡಾಣ್ರಿ. ಮಧ್ಯಾಹ್ನ ನಿಮ್ಮತ್ರನೇ ಇರ್ಲಿ. ರಾತ್ರಿ ಮಾತ್ರೆ ತಗೊಂಡ್ ಮಲಗ್ತೀರಿ, ನೀವು ಏಳೋದ್ರೊಳಗೆ ಇವ್ನು ಬಚ್ಚಲಿಗೆ ಹೋಗಿರ್ತಾನೆ’ ಎಂದು ನೇರವಾಗಿ ಹೇಳಿ. ಮಾತ್ರೆಯ ಸುದ್ದಿ ಬಂದಾಗ ಅವರಿಗೆ ಬೇಸರವಾಗಬಹುದು. ಅದಕ್ಕೇ ಆ ಮಾತು ಸೊಸೆಯ ಬಾಯಿಗಿಂತ ಮಗನ ಬಾಯಲ್ಲಿ ಬರುವುದು ಲೇಸು. ನೀವಿಬ್ಬರೂ ನೋಡಿಕೊಳ್ಳಿ ಎನ್ನುವ ಯಜಮಾನರಿಗೆ ಇಷ್ಟಾದರೂ ಕೆಲಸವಿರಲಿ.

ಕಟಕಟೆಯ ಮಂಚ ಬೇಕೇ ಬೇಕೆಂದಿಲ್ಲ. ತರಿಸಲೇಬೇಕೆಂದರೆ ಟೇಪು ಹಿಡಿದು ನೋಡಲಿ: ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು, ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಬಾರದು, ಹಾಸಿಗೆಯ ಮಟ್ಟ ಆದಷ್ಟೂ ಕೆಳಗಿರಬೇಕು. ಪಕ್ಕದ ಕಟಕಟೆ ಜಾರಿ ಇಳಿಯುವ ಮಾದರಿ ಬೇಡ. ಮಕ್ಕಳು ಸಿಕ್ಕಿಕೊಂಡು ಸತ್ತದ್ದರಿಂದ ಅಮೆರಿಕದಲ್ಲಿ 2011ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ. ಸರಳಿಗೆ ಕಟ್ಟುವ ಮೆತ್ತೆಯನ್ನೂ ಅಲ್ಲಿ 2022ರಲ್ಲಿ ನಿಷೇಧಿಸಿದರು, ಆ ಮೆತ್ತೆ ಸೆಟ್ಟಿನ ಜೊತೆ ಬಂದರೆ ತೆಗೆದಿಡಿ. ಮಗ ಸುಮಾರು 89 ಸೆಂಟಿಮೀಟರ್ ಎತ್ತರವಾದರೆ ಅಥವಾ ಕಟಕಟೆಗೆ ಕಾಲು ಹಾಕಲು ಕಲಿತರೆ ಆ ಮಂಚವೂ ತೊಟ್ಟಿಲಿನಷ್ಟೇ ಅಪಾಯ, ಮತ್ತೆ ಗಾದಿಗೇ ಬರುತ್ತೀರಿ. ಅಷ್ಟು ದುಡ್ಡಿನಲ್ಲಿ ಒಳ್ಳೆಯ ಹತ್ತಿ ಗಾದಿ ಮಾಡಿಸಿ, ಕೋಣೆಯ ಕಪಾಟನ್ನು ಗೋಡೆಗೆ ಮೊಳೆ ಹೊಡೆಸಿ ಬಿಗಿಸಬಹುದು. ಅವನು ಅದನ್ನು ಹತ್ತಲು ಹೆಚ್ಚು ದಿನ ಬೇಕಿಲ್ಲ.