ಡೆಟ್ರಾಯಿಟ್–ಡೆನ್ವರ್ ಜಿದ್ದು: ಗೋಲ್‌ಕೀಪರ್‌ಗಳೂ ಗುದ್ದಾಡಿದ ಬುಧವಾರ

ಪ್ರಶ್ನೆ: ನನ್ನ ಮಗ ಡೆಟ್ರಾಯಿಟ್ ಹತ್ತಿರ ಕಾರ್ ಕಂಪನಿಯೊಂದರಲ್ಲಿದ್ದಾನೆ. ಅಲ್ಲಿನ ಐಸ್ ಹಾಕಿ ಹುಚ್ಚು ಅವನಿಗೂ ಹತ್ತಿದೆ. ಊರಿಗೆ ಬಂದಾಗ ಹಳೇ ಮ್ಯಾಚೊಂದರ ವಿಡಿಯೊ ತೋರಿಸಿದ. ಎಲ್ಲರೂ ಆಟ ಬಿಟ್ಟು ಹೊಡೆದಾಡ್ತಿದ್ದರು, ಎರಡೂ ಕಡೆಯ ಗೋಲ್‌ಕೀಪರ್‌ಗಳೂ ನಡುಮಧ್ಯಕ್ಕೆ ಬಂದು ಗುದ್ದಾಡಿದರು! ಇದು ನಿಜವೋ ನಾಟಕವೋ? ನಿಜವೇ ಆದರೆ ಅಷ್ಟೊಂದು ಹಗೆ ಯಾಕೆ?
– ಹಾಸನದ ಓದುಗರು

ಉತ್ತರ: ನಿಜವೇ ಸ್ವಾಮಿ, ನಾಟಕ ಅಲ್ಲ. ನೀವು ನೋಡಿರುವುದು 1997ರ ಮಾರ್ಚ್ 26ರ ಬುಧವಾರ ಡೆಟ್ರಾಯಿಟ್‌ನ ಜೋ ಲೂಯಿಸ್ ಅರೀನಾದಲ್ಲಿ ನಡೆದ ಮ್ಯಾಚು. ಡೆಟ್ರಾಯಿಟ್ ರೆಡ್ ವಿಂಗ್ಸ್ ಒಂದು ಕಡೆ, ಡೆನ್ವರ್ ನಗರದ ಕೊಲೊರಾಡೊ ಅವಲಾಂಚ್ ಇನ್ನೊಂದು ಕಡೆ.

ತಮಾಷೆ ಏನು ಗೊತ್ತಾ? ಈ ಎರಡು ಊರುಗಳ ನಡುವೆ ಸುಮಾರು 2,000 ಕಿಲೋಮೀಟರ್ ರಸ್ತೆ ಇದೆ. ಹಳೇ ವೈರ ಅಂತ ಏನೂ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಯಾಕಂದ್ರೆ 1995ರವರೆಗೆ ಅವಲಾಂಚ್ ಅನ್ನುವ ತಂಡವೇ ಇರಲಿಲ್ಲ. ಅದು ಕೆನಡಾದ ಕ್ವಿಬೆಕ್ ನಗರದ ನಾರ್ಡಿಕ್ಸ್ ತಂಡ. ಸಣ್ಣ ಊರು, ದುಡ್ಡಿನ ತಾಪತ್ರಯ, ಹಾಗಾಗಿ ಮಾರಾಟವಾಗಿ ಡೆನ್ವರ್‌ಗೆ ಬಂತು. ಒಳ್ಳೊಳ್ಳೆ ಹುಡುಗರು ತಂಡದಲ್ಲಿದ್ದರು. ಜೋ ಸ್ಯಾಕಿಕ್ ಇದ್ದ, ಸ್ವೀಡನ್ನಿನ ಪೀಟರ್ ಫೋರ್ಸ್‌ಬರ್ಗ್ ಇದ್ದ. ದೊಡ್ಡ ಗೋಲ್‌ಕೀಪರ್ ಒಬ್ಬ ಮಾತ್ರ ಇರಲಿಲ್ಲ.

ಆ ಗೋಲ್‌ಕೀಪರ್ ಸಿಗುವಂತೆ ಮಾಡಿದ್ದು ಬೇರೆ ಯಾರೂ ಅಲ್ಲ, ಡೆಟ್ರಾಯಿಟ್! 1995ರ ಡಿಸೆಂಬರ್ 2ರಂದು ರೆಡ್ ವಿಂಗ್ಸ್ ಮಾಂಟ್ರಿಯಲ್‌ಗೆ ಹೋಗಿ ಅಲ್ಲಿನ ಕನೇಡಿಯನ್ಸ್ ತಂಡವನ್ನು 11–1ರಿಂದ ಚಚ್ಚಿ ಹಾಕಿತು. ಮಾಂಟ್ರಿಯಲ್‌ನ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ, ಆ ಊರಿನ ಆರಾಧ್ಯ ದೈವ. ಒಂದರ ಹಿಂದೊಂದು ಒಂಬತ್ತು ಗೋಲು ಹೋಗುವವರೆಗೂ ಕೋಚ್ ಮಾರಿಯೊ ಟ್ರೆಂಬ್ಲೆ ಅವನನ್ನು ಹೊರಗೆ ಕರೆಯಲೇ ಇಲ್ಲ. ಬೇಕಂತಲೇ ಮಾಡಿದ ಅವಮಾನ ಅಂತ ರುವಾಗೆ ಅನಿಸಿತು. ಹೊರಗೆ ಬಂದವನೇ ಬೆಂಚಿನ ಹಿಂದೆ ಕೂತಿದ್ದ ಕ್ಲಬ್ಬಿನ ಅಧ್ಯಕ್ಷನ ಹತ್ತಿರ ಹೋಗಿ, ಮಾಂಟ್ರಿಯಲ್‌ಗೆ ಇದೇ ನನ್ನ ಕೊನೇ ಮ್ಯಾಚು ಅಂದುಬಿಟ್ಟ. ನಾಲ್ಕೇ ದಿನ, ಅವನೂ ಮೈಕ್ ಕೀನ್ ಅನ್ನುವ ಇನ್ನೊಬ್ಬನೂ ಕೊಲೊರಾಡೊ ಪಾಲಾದರು. ತಂಡ ಇನ್ನೂ ಕ್ವಿಬೆಕ್‌ನಲ್ಲೇ ಇದ್ದಿದ್ದರೆ ಮಾಂಟ್ರಿಯಲ್‌ನವರು ಪ್ರಾಣ ಹೋದರೂ ಅವನನ್ನು ಕೊಡ್ತಿರಲಿಲ್ಲ, ಆ ಎರಡು ಊರುಗಳದ್ದು ಎಣ್ಣೆ–ಸೀಗೆಕಾಯಿ ಸಂಬಂಧ. ಒಟ್ಟಿನಲ್ಲಿ ಡೆಟ್ರಾಯಿಟ್ ಹನ್ನೊಂದು ಗೋಲು ಹೊಡೆದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿತು.

ಆ ವರ್ಷ ರೆಡ್ ವಿಂಗ್ಸ್ ಲೀಗ್ ಹಂತದ 82 ಮ್ಯಾಚುಗಳಲ್ಲಿ 62 ಗೆದ್ದಿತ್ತು. ಅಷ್ಟು ಗೆಲುವು ಅಲ್ಲಿಯವರೆಗೆ ಯಾವ ತಂಡಕ್ಕೂ ಸಿಕ್ಕಿರಲಿಲ್ಲ. 1955ರಿಂದ ಸ್ಟ್ಯಾನ್ಲಿ ಕಪ್ (ಈ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಕಪ್) ಮುಖ ನೋಡದ ಊರು, ಈ ಸಲ ನಮ್ಮದೇ ಅಂದುಕೊಂಡಿತ್ತು. ಪ್ಲೇಆಫ್‌ನಲ್ಲಿ (ಲೀಗ್ ಹಂತದ ನಂತರದ ನಾಕೌಟ್ ಸರಣಿಗಳು, ಮೊದಲು ನಾಲ್ಕು ಮ್ಯಾಚು ಗೆದ್ದವರು ಮುಂದಕ್ಕೆ) ಫೈನಲ್‌ಗೆ ಒಂದು ಮೆಟ್ಟಿಲು ಮುಂಚೆ ಎದುರಾದದ್ದು ಕೊಲೊರಾಡೊ. ಮೊದಲ ಮ್ಯಾಚನ್ನೇ ಡೆಟ್ರಾಯಿಟ್‌ನಲ್ಲಿ ಓವರ್‌ಟೈಮ್ ಗೋಲು ಹೊಡೆದು ಗೆಲ್ಲಿಸಿದವನು ಅದೇ ಮೈಕ್ ಕೀನ್! ಮೂರನೇ ಮ್ಯಾಚಿನಲ್ಲಿ ಡೆಟ್ರಾಯಿಟ್‌ನ ಕೊಜ್ಲೊವ್, ಕೊಲೊರಾಡೊದ ಆಡಮ್ ಫೂಟ್‌ನ ತಲೆಯನ್ನು ಗಾಜಿಗೆ ಅಪ್ಪಳಿಸಿದ, ಹೊಲಿಗೆ ಹಾಕಬೇಕಾಯಿತು. ಡೆಟ್ರಾಯಿಟ್ ಅಭಿಮಾನಿಗಳು ಕಥೆ ಹೇಳುವಾಗ ಈ ಭಾಗ ಬಿಟ್ಟುಬಿಡುತ್ತಾರೆ. ನಿಮ್ಮ ಮಗನೂ ಬಿಟ್ಟಿರಬಹುದು, ಕೇಳಿ ನೋಡಿ! ಅದಕ್ಕೆ ಪ್ರತಿಯಾಗಿ ಕೊಜ್ಲೊವ್‌ಗೆ ಗುದ್ದಿ ಒಂದು ಮ್ಯಾಚು ಅಮಾನತಾದವನೇ ಕ್ಲಾಡ್ ಲೆಮ್ಯೂ.

ಈ ಲೆಮ್ಯೂ ಇದ್ದಾನಲ್ಲ, ಅವನೇ ಈ ಕಥೆಯ ಖಳನಾಯಕ. ಆದರೆ ಸುಮ್ನೆ ರೌಡಿ ಅಲ್ಲ. ದೊಡ್ಡ ಮ್ಯಾಚು ಬಂದರೆ ಗೋಲು ಹೊಡೆಯುವವನು. ಹಿಂದಿನ ವರ್ಷವಷ್ಟೇ ನ್ಯೂಜೆರ್ಸಿ ತಂಡಕ್ಕೆ ಕಪ್ ಗೆಲ್ಲಿಸಿ, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ತಗೊಂಡಿದ್ದ. ಜೊತೆಗೆ ಎದುರಾಳಿಗಳ ಮೈ ಉರಿಸುವ ಕಲೆಯೂ ಚೆನ್ನಾಗಿ ಗೊತ್ತಿತ್ತು.

ಆರನೇ ಮ್ಯಾಚು, 1996ರ ಮೇ 29, ಡೆನ್ವರ್‌ನಲ್ಲಿ. ಡೆಟ್ರಾಯಿಟ್‌ನ ಕ್ರಿಸ್ ಡ್ರೇಪರ್ ತನ್ನದೇ ತಂಡದ ಬೆಂಚಿನ ಮುಂದೆ, ಐಸ್ ಅಂಗಳದ ಅಂಚಿನ ಕಟ್ಟೆಗೆ ಮುಖ ಮಾಡಿದ್ದ. ಬೆನ್ನು ಈ ಕಡೆಗೆ. ಲೆಮ್ಯೂ ಹಿಂದಿನಿಂದ ಬಂದು ಗುದ್ದಿ ದೂಡಿದ. ಡ್ರೇಪರ್‌ನ ಮುಖ ನೇರ ಕಟ್ಟೆಯ ಅಂಚಿಗೆ ಬಡಿಯಿತು. ದವಡೆ, ಕೆನ್ನೆಯ ಮೂಳೆ, ಮೂಗು ಎಲ್ಲ ಮುರಿಯಿತು. ಆಪರೇಷನ್ ಮಾಡಿ ದವಡೆಗೆ ತಂತಿ ಬಿಗಿದರು, ಆಮೇಲೆ ಊಟ ಅಂದ್ರೆ ಸ್ಟ್ರಾ ಹಾಕಿ ಹೀರುವುದೇ. ಡೆಟ್ರಾಯಿಟ್ ಆ ಮ್ಯಾಚೂ ಸೋತಿತು, ಸರಣಿಯೂ ಸೋತಿತು. ಸರಣಿ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕುವುದು ಈ ಆಟದ ಹಳೇ ಪದ್ಧತಿ. ಡೆಟ್ರಾಯಿಟ್‌ನ ಡೀನೊ ಸಿಸರೆಲ್ಲಿ, ಒಳಗೆ ಹೋಗಿ ಡ್ರೇಪರ್‌ನ ಮುಖ ನೋಡಿದ ಮೇಲೆ, ಆ ಮನುಷ್ಯನ ಕೈ ಕುಲುಕಿಬಿಟ್ಟೆನಲ್ಲ ಅಂತ ಸಿಡಿದುಬಿದ್ದ. ಲೆಮ್ಯೂಗೆ ಸಿಕ್ಕ ಶಿಕ್ಷೆ ಎಷ್ಟು ಗೊತ್ತಾ? ಎರಡು ಮ್ಯಾಚು ಅಮಾನತು, 1,000 ಡಾಲರ್ ದಂಡ. ಕ್ಷಮೆಯನ್ನೂ ಕೇಳಲಿಲ್ಲ. ಕೊಲೊರಾಡೊ ಫೈನಲ್‌ನಲ್ಲಿ ಫ್ಲೋರಿಡಾವನ್ನು 4–0ರಿಂದ ಸೋಲಿಸಿ, ಡೆನ್ವರ್‌ಗೆ ಬಂದ ಮೊದಲ ವರ್ಷವೇ ಕಪ್ ಎತ್ತಿತು. ಡೆಟ್ರಾಯಿಟ್‌ನವರ ಹೊಟ್ಟೆ ಎಷ್ಟು ಉರಿದಿರಬೇಕು ಯೋಚನೆ ಮಾಡಿ.

ಮುಂದಿನ ಸೀಸನ್‌ನಲ್ಲಿ ಮೊದಲ ಮೂರು ಭೇಟಿಯಲ್ಲೂ ಕೊಲೊರಾಡೊನೇ ಗೆದ್ದಿತು. ನಾಲ್ಕನೆಯದು ನೀವು ನೋಡಿದ್ದು. ಲೆಮ್ಯೂ ಆ ಘಟನೆ ಆದಮೇಲೆ ಡೆಟ್ರಾಯಿಟ್‌ನಲ್ಲಿ ಆಡಲು ಬಂದದ್ದು ಅದೇ ಮೊದಲ ಸಲ.

ಮೊದಲ ಪೀರಿಯಡ್ (ಆಟದ ಮೂರು ಭಾಗಗಳಲ್ಲಿ ಮೊದಲನೆಯದು) ಮುಗಿಯಲು ಇನ್ನು ಎರಡು ನಿಮಿಷವೂ ಇಲ್ಲ. ಜಗಳ ಶುರುವಾಗಿದ್ದು ಯಾರಿಂದ ಅಂದುಕೊಂಡಿರಿ? ಎರಡು ತಂಡಗಳಲ್ಲೇ ಅತ್ಯಂತ ನಾಜೂಕಾಗಿ ಆಡುವ ಇಬ್ಬರು, ರಷ್ಯಾದ ಇಗೊರ್ ಲಾರಿಯೊನೊವ್ ಮತ್ತು ಫೋರ್ಸ್‌ಬರ್ಗ್! ಅವರಿಬ್ಬರೂ ತಳ್ಳಾಡಿಕೊಂಡು ಬಿದ್ದರು, ಎಲ್ಲರ ಕಣ್ಣು ಆ ಕಡೆ ಹೋಯಿತು. ಆ ಗಲಾಟೆಯಲ್ಲಿ ಡ್ರೇಪರ್‌ನ ಜೀವದ ಗೆಳೆಯ ಡ್ಯಾರೆನ್ ಮೆಕಾರ್ಟಿ ಲೆಮ್ಯೂನನ್ನು ಹುಡುಕಿಕೊಂಡು ಹೋದ. ಬಲಗೈ ಬೀಸಿ ಒಂದು ಕೊಟ್ಟ. ಲೆಮ್ಯೂ ಮಂಡಿಯೂರಿ, ತಲೆ ಮುಚ್ಚಿಕೊಂಡು ಮುದುಡಿದ. ಅಭಿಮಾನಿಗಳು ಇವತ್ತಿಗೂ ಅವನನ್ನು ಆಮೆ ಅಂತ ಆಡಿಕೊಳ್ಳೋದು ಅದಕ್ಕೇ. ಮೆಕಾರ್ಟಿ ಬಿಡಲಿಲ್ಲ, ಮೇಲೆ ಬಿದ್ದು ಗುದ್ದುತ್ತಲೇ ಇದ್ದ, ಆಮೇಲೆ ಡೆಟ್ರಾಯಿಟ್ ಬೆಂಚಿನ ಕಡೆಗೇ ಎಳೆದುಕೊಂಡು ಹೋದ. ಡ್ರೇಪರ್ ಅಲ್ಲೇ ಇದ್ದನಲ್ಲ!

ಇದನ್ನು ಕಂಡ ರುವಾ, ಲೆಮ್ಯೂನ ಹಳೇ ಜೊತೆಗಾರ (1986ರಲ್ಲಿ ಮಾಂಟ್ರಿಯಲ್‌ಗೆ ಇಬ್ಬರೂ ಒಟ್ಟಿಗೆ ಕಪ್ ಗೆದ್ದವರು), ಗೋಲು ಬಿಟ್ಟು ಓಡೋಡಿ ಬಂದ. ಅಡ್ಡ ಬಂದವನು ಡೆಟ್ರಾಯಿಟ್‌ನ ಬ್ರೆಂಡನ್ ಶನಹಾನ್. ಇಬ್ಬರೂ ಡಿಕ್ಕಿ ಹೊಡೆದು ಗಾಳಿಯಲ್ಲೇ ಹಾರಿ ಬಿದ್ದರು. ಫೂಟ್ ಬಂದು ಶನಹಾನ್‌ನನ್ನು ಹಿಡಿದ. ಆಗ ಡೆಟ್ರಾಯಿಟ್ ಕಡೆಯ ಗೋಲ್‌ಕೀಪರ್ ಮೈಕ್ ವರ್ನನ್ ಬಂದ. ರುವಾನಿಗಿಂತ ಗಿಡ್ಡ. ಹೆಲ್ಮೆಟ್ ಇಲ್ಲ, ಕೈಗವಸು ಇಲ್ಲ, ಕಾಲಿಗೆ ಮಾತ್ರ ದಪ್ಪ ಪ್ಯಾಡು. ಇಬ್ಬರೂ ಜರ್ಸಿ ಹಿಡಿದುಕೊಂಡು ಬಾರಿಸಿಕೊಂಡರು. ರುವಾ ಮುಖದಲ್ಲಿ ರಕ್ತ ಸುರಿಯಿತು.

ವಿಡಿಯೊದಲ್ಲಿ ಬಹುಶಃ ಇಷ್ಟೇ ಇರುತ್ತೆ. ನನ್ನ ಪ್ರಕಾರ ಅಸಲಿ ಕಥೆ ಆಮೇಲಿನದು. ಮೂರನೇ ಪೀರಿಯಡ್‌ನಲ್ಲಿ ಕೊಲೊರಾಡೊ 5–3ರಿಂದ ಮುಂದಿತ್ತು. ಡೆಟ್ರಾಯಿಟ್ ಒಂದೇ ನಿಮಿಷದೊಳಗೆ ಎರಡು ಗೋಲು ಹೊಡೆದು ಸಮ ಮಾಡಿತು. ಓವರ್‌ಟೈಮ್‌ನ 39ನೇ ಸೆಕೆಂಡಿಗೆ ಗೆಲುವಿನ ಗೋಲು. ಹೊಡೆದವನು ಮೆಕಾರ್ಟಿ! 6–5. ಎರಡು ತಿಂಗಳಾದ ಮೇಲೆ ಪ್ಲೇಆಫ್‌ನಲ್ಲೂ ಕೊಲೊರಾಡೊವನ್ನು 4–2ರಿಂದ ಕಳಿಸಿ, ಫೈನಲ್‌ನಲ್ಲಿ ಫಿಲಡೆಲ್ಫಿಯಾವನ್ನು 4–0 ಸೋಲಿಸಿ, 42 ವರ್ಷಗಳ ನಂತರ ಕಪ್ ಗೆದ್ದರು. ಕಪ್ ಗೆಲ್ಲಿಸಿದ ಗೋಲೂ ಮೆಕಾರ್ಟಿಯದೇ.

ಪ್ರಶ್ನೆ: ಅಷ್ಟು ಹೊಡೆದ ಮೆಕಾರ್ಟಿಯನ್ನು ಹೊರಗೆ ಹಾಕಲಿಲ್ಲವೇ? ರೆಫರಿಗಳು ನಿಂತು ನೋಡುತ್ತಿರುವುದು ಯಾವ ನ್ಯಾಯ?
– ದಾವಣಗೆರೆಯ ಓದುಗರು

ಉತ್ತರ: ನ್ಯಾಯ ಅಂದ್ರೆ ನ್ಯಾಯ, ಅನ್ಯಾಯ ಅಂದ್ರೆ ಅನ್ಯಾಯ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಇಬ್ಬರು ಕೈಗವಸು ಎಸೆದು ಒಪ್ಪಿ ಹೊಡೆದಾಡಿದರೆ ಇಬ್ಬರಿಗೂ ತಲಾ ಐದು ನಿಮಿಷ ಹೊರಗೆ ಕೂರುವ ಶಿಕ್ಷೆ, ಅಷ್ಟೇ. ಆಮೇಲೆ ಬಂದು ಆಡಬಹುದು. ಲೈನ್ಸ್‌ಮನ್‌ಗಳು (ರೆಫರಿಯ ಸಹಾಯಕರು) ಒಬ್ಬ ಕೆಳಗೆ ಬೀಳುವವರೆಗೂ ಸಾಮಾನ್ಯವಾಗಿ ನಡುವೆ ಹೋಗಲ್ಲ. ಸ್ಟಿಕ್ ಬೀಸಿದರೆ ಅಥವಾ ಬೆಂಚಿನಿಂದ ಎದ್ದು ಜಗಳಕ್ಕೆ ಇಳಿದರೆ ಮಾತ್ರ ದೊಡ್ಡ ಅಪರಾಧ. ಮೊದಲು ಬೆಂಚು ಬಿಟ್ಟವನಿಗೆ ಹತ್ತು ಮ್ಯಾಚು ಅಮಾನತು. ಹಾಗಾಗಿಯೇ ಅವತ್ತು ಅಷ್ಟು ರಂಪವಾದರೂ ಬೆಂಚಿನಲ್ಲಿದ್ದವರು ಯಾರೂ ಇಳಿದಿಲ್ಲ, ಗಮನಿಸಿ.

ಆದರೆ ಮೆಕಾರ್ಟಿ–ಲೆಮ್ಯೂ ಪ್ರಕರಣ ಒಪ್ಪಿ ಮಾಡಿದ ಜಗಳ ಅಲ್ಲವೇ ಅಲ್ಲ. ಅದು ದಾಳಿ. ಅವನನ್ನು ಹೊರಗೆ ಹಾಕಬೇಕಿತ್ತು. ನಾಲ್ಕು ನಿಮಿಷದ ಶಿಕ್ಷೆ ಕೊಟ್ಟು ಬಿಟ್ಟರು, ಅವನು ಬಂದು ಗೆಲುವಿನ ಗೋಲು ಹೊಡೆದ. ಡೆನ್ವರ್‌ನವರು ಇದನ್ನು ಇನ್ನೂ ಮರೆತಿಲ್ಲ, ಅವರ ಮಾತಿನಲ್ಲಿ ಹುರುಳಿದೆ. ಹಾಗಂತ ಬೆನ್ನ ಹಿಂದಿನಿಂದ ಗುದ್ದಿ ಮುಖ ಒಡೆದವನಿಗೆ ಎರಡೇ ಮ್ಯಾಚು ಕೊಟ್ಟವರೂ ಇದೇ ಲೀಗಿನವರು. ಅಂದೇ ಸರಿಯಾಗಿ ಶಿಕ್ಷೆ ಕೊಟ್ಟಿದ್ದರೆ ಹತ್ತು ತಿಂಗಳು ಮುಯ್ಯಿ ಕಾಯುವ ಪ್ರಮೇಯವೇ ಬರ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಂದಹಾಗೆ ಲೆಮ್ಯೂ ಹೇಡಿ ಅನ್ನುವವರಿಗೆ ಒಂದು ಮಾತು. ಅದೇ ವರ್ಷ ನವೆಂಬರ್ 11ರಂದು ಮತ್ತೆ ಡೆಟ್ರಾಯಿಟ್‌ಗೆ ಬಂದಾಗ, ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ನೆಲಕ್ಕೆ ಬೀಳುವುದೇ ತಡ, ಅವನೇ ಮೆಕಾರ್ಟಿ ಎದುರು ನಿಂತು ಕೈಗವಸು ಎಸೆದ. ಮುಖಾಮುಖಿ, ಚೆನ್ನಾಗಿಯೇ ಹೊಡೆದಾಡಿದ.

ಪ್ರಶ್ನೆ: ಇದೊಂದು ರೌಡಿಗಳ ಜಗಳ. ಇದನ್ನು ಆಟದ ಇತಿಹಾಸ ಅಂತ ಕರೆಯುವುದು ಹೇಗೆ?
– ಶಿವಮೊಗ್ಗದ ಓದುಗರು

ಉತ್ತರ: ಬರೀ ಜಗಳ ಆಗಿದ್ದರೆ ನಾನೂ ನಿಮ್ಮ ಪಕ್ಷವೇ. ಆ ಕಾಲದಲ್ಲಿ ಹೊಡೆದಾಡುವ ತಂಡಗಳು ಬೇಕಾದಷ್ಟಿದ್ದವು, ಅವುಗಳ ಹೆಸರು ಯಾರಿಗೆ ನೆನಪಿದೆ? ಇವೆರಡು ನೆನಪಿರುವುದು ಆಗಿನ ಅತ್ಯುತ್ತಮ ತಂಡಗಳೇ ಇವು ಅನ್ನುವ ಕಾರಣಕ್ಕೆ. 1996ರಿಂದ 2002ರವರೆಗಿನ ಏಳು ಕಪ್‌ಗಳಲ್ಲಿ ಐದು ಈ ಎರಡು ಮನೆಗೇ ಹೋದವು. ಡೆಟ್ರಾಯಿಟ್‌ಗೆ 1997, 1998, 2002. ಕೊಲೊರಾಡೊಗೆ 1996, 2001.

ಡೆಟ್ರಾಯಿಟ್ ಕೋಚ್ ಸ್ಕಾಟಿ ಬೌಮನ್ ಐದು ಜನ ರಷ್ಯನ್ನರನ್ನು ಒಟ್ಟಿಗೆ ಇಳಿಸುತ್ತಿದ್ದ. ಫೆಡೊರೊವ್, ಲಾರಿಯೊನೊವ್, ಕೊಜ್ಲೊವ್, ಫೆಟಿಸೊವ್, ಕಾನ್‌ಸ್ಟಾಂಟಿನೊವ್. ಪಕ್ ಎದುರಾಳಿಗೆ ಸಿಗುತ್ತಲೇ ಇರಲಿಲ್ಲ, ದಾರಿ ಇಲ್ಲ ಅಂದ್ರೆ ಹಿಂದಕ್ಕೆ ಕೊಟ್ಟು ಮತ್ತೆ ಕಟ್ಟಿಕೊಂಡು ಬರುತ್ತಿದ್ದರು. ನೋಡೋಕೆ ಅಷ್ಟು ಚಂದ. 1997ರ ಕಪ್ ಗೆದ್ದು ಒಂದು ವಾರವೂ ಆಗಿರಲಿಲ್ಲ, ಲಿಮೋಸಿನ್ ಅಪಘಾತದಲ್ಲಿ ಕಾನ್‌ಸ್ಟಾಂಟಿನೊವ್‌ನ ತಲೆಗೆ ಪೆಟ್ಟಾಗಿ ಅವನ ಆಟವೇ ಮುಗಿಯಿತು. ಮುಂದಿನ ವರ್ಷ ಮತ್ತೆ ಗೆದ್ದಾಗ ಗಾಲಿಕುರ್ಚಿಯಲ್ಲಿ ಅವನನ್ನು ಐಸ್ ಮೇಲೆ ತಂದು ಕಪ್ಪನ್ನು ಅವನ ತೊಡೆಯ ಮೇಲಿಟ್ಟರು. ಕೊಲೊರಾಡೊ ಕಡೆಯೂ ಇಂಥದ್ದಿದೆ. 21 ಸೀಸನ್ ಆಡಿಯೂ ಕಪ್ ಕಾಣದ ರೇ ಬೋರ್ಕ್‌ಗೆ 2001ರಲ್ಲಿ ಸಿಕ್ಕಿತು. ನಾಯಕ ಸ್ಯಾಕಿಕ್ ಕಪ್ ಕೈಗೆ ಬಂದೊಡನೆ ತಾನು ಎತ್ತದೆ ಬೋರ್ಕ್ ಕೈಗೆ ಕೊಟ್ಟ.

ಪ್ಲೇಆಫ್ ಲೆಕ್ಕ ಹಾಕಿದರೆ ಆ ಏಳು ವರ್ಷದಲ್ಲಿ ಐದು ಸಲ ಎದುರಾದರು, ಕೊಲೊರಾಡೊ ಮೂರು ಸಲ ಗೆದ್ದಿತು. 1999 ಮತ್ತು 2000ದಲ್ಲಿ ಅವರದೇ ಕೈ ಮೇಲು. ಆದರೆ ಕೊನೆಯದಾಗಿ ನಕ್ಕಿದ್ದು ಡೆಟ್ರಾಯಿಟ್. 2002ರಲ್ಲಿ ಕೊಲೊರಾಡೊ 3–2ರಿಂದ ಮುಂದೆ, ಆರನೇ ಮ್ಯಾಚು ಡೆನ್ವರ್‌ನಲ್ಲೇ. ಇನ್ನೂ ಗೋಲಾಗಿಲ್ಲ. ರುವಾ ಒಂದು ಹೊಡೆತ ತಡೆದು, ಪಕ್ ಹಿಡಿದೆ ಅಂತ ಕೈಗವಸನ್ನು ಜಂಬದಿಂದ ಮೇಲೆತ್ತಿ ತೋರಿಸಿದ. ಪಕ್ ಕೆಳಗೆ ಬಿದ್ದಿತ್ತು! ಶನಹಾನ್ ಸುಮ್ನೆ ಒಳಗೆ ತಳ್ಳಿದ. ಡೆಟ್ರಾಯಿಟ್ 2–0 ಗೆದ್ದಿತು. ಏಳನೇ ಮ್ಯಾಚು 7–0. ಆರು ಗೋಲು ಬಿಟ್ಟ ಮೇಲೆ ರುವಾನನ್ನು ಹೊರಗೆ ಕರೆದರು, ಈ ಸಲದ ಕೋಚ್ ಒಂಬತ್ತರವರೆಗೆ ಕಾಯಲಿಲ್ಲ ಅನ್ನಿ.

ಪ್ರಶ್ನೆ: ಈಗಲೂ ಆ ಜಿದ್ದು ಇದೆಯೇ?
– ಮೈಸೂರಿನ ಓದುಗರು

ಉತ್ತರ: ಇಲ್ಲ. ಆ ಆಟಗಾರರು ನಿವೃತ್ತರಾದರು. 2008ರ ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ 4–0ರಿಂದ ಗೆದ್ದಾಗಲೇ ಅದು ಏಕಪಕ್ಷೀಯವಾಗಿತ್ತು. 2013ರಲ್ಲಿ ಲೀಗಿನವರು ವಿಭಾಗಗಳನ್ನು ಬದಲಿಸಿ ಡೆಟ್ರಾಯಿಟ್‌ನ್ನು ಪೂರ್ವಕ್ಕೆ ಹಾಕಿದರು, ಕೊಲೊರಾಡೊ ಪಶ್ಚಿಮದಲ್ಲೇ ಉಳಿಯಿತು. ಈಗ ಪ್ಲೇಆಫ್‌ನಲ್ಲಿ ಇಬ್ಬರೂ ಎದುರಾಗಬೇಕಂದ್ರೆ ಇಬ್ಬರೂ ಫೈನಲ್‌ಗೇ ಬರಬೇಕು. 2016ರಲ್ಲಿ ಡೆನ್ವರ್‌ನ ಬೇಸ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಬಯಲಲ್ಲೇ ಐಸ್ ಹಾಸಿ ಒಂದು ಮ್ಯಾಚು ಆಡಿಸಿದರು, ಹಳಬರಿಗೂ ಒಂದು ಪ್ರದರ್ಶನ ಪಂದ್ಯ ಇಟ್ಟರು. ಜನಕ್ಕೆ ಅದೇ ಜಾಸ್ತಿ ಖುಷಿ ಕೊಟ್ಟಿರಬೇಕು.

ಪ್ರಶ್ನೆ: ಡೆಟ್ರಾಯಿಟ್‌ನಲ್ಲಿ ಮ್ಯಾಚಿನ ನಡುವೆ ಆಕ್ಟೋಪಸ್ ಎಸೆಯುತ್ತಾರಂತೆ, ಹೌದೇ?
– ಅದೇ ಹಾಸನದ ಓದುಗರು

ಉತ್ತರ: ಹೌದು! 1952ರಲ್ಲಿ ಮೀನಿನ ಅಂಗಡಿಯ ಅಣ್ಣತಮ್ಮಂದಿರು ಶುರು ಮಾಡಿದ್ದು. ಆಗ ಕಪ್ ಗೆಲ್ಲಲು ಪ್ಲೇಆಫ್‌ನಲ್ಲಿ ಎಂಟು ಗೆಲುವು ಸಾಕಿತ್ತು, ಆಕ್ಟೋಪಸ್‌ಗೆ ಎಂಟು ಕಾಲು. ಆ ವರ್ಷ ಡೆಟ್ರಾಯಿಟ್ ಒಂದೂ ಸೋಲದೆ ಎಂಟಕ್ಕೆ ಎಂಟು ಗೆದ್ದಿತು. ಅಭ್ಯಾಸ ಅಂಟಿಕೊಂಡಿತು. ನಿಮ್ಮ ಮಗನಿಗೆ ಎಸೆಯುವ ಆಸೆ ಬಂದರೆ, ಮೊದಲು ಬೇಯಿಸಿಕೊಳ್ಳೋಕೆ ಹೇಳಿ. ಹಸಿಯದ್ದು ಐಸ್‌ಗೆ ಅಂಟಿಕೊಳ್ಳುತ್ತೆ, ವಾಸನೆಯೂ ಜಾಸ್ತಿ. ಸಿಕ್ಕಿಬಿದ್ದರೆ ಹೊರಗೆ ಕಳಿಸುತ್ತಾರೆ, ಟಿಕೆಟ್ ದುಡ್ಡು ಹೋಯಿತು ಅಂದುಕೊಳ್ಳಲಿ.