ಟಾಕೀಸ್ ಕೆಡವಿದರು, ಮಾಲ್ ಏಳಲಿಲ್ಲ. ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮ ಮನೆ ಹತ್ತಿರದ ಟಾಕೀಸ್ ಕೆಡವಿ ಆರು ವರ್ಷ ಆಯ್ತು. ಮಾಲ್ ಬರುತ್ತೆ, ಅದರ ಮೇಲೆ ಮೂರು ಪರದೆಯ ಮಲ್ಟಿಪ್ಲೆಕ್ಸ್ ಬರುತ್ತೆ ಅಂದಿದ್ದರು. ಈಗಲೂ ಸುತ್ತ ತಗಡು, ಒಳಗೆ ದೊಡ್ಡ ಗುಂಡಿ. ಮಳೆಗಾಲದಲ್ಲಿ ನೀರು ನಿಂತು ಸೊಳ್ಳೆ ಕಾಟ. ಇಂಥ ಕೆಲಸ ಅರ್ಧಕ್ಕೆ ನಿಲ್ಲುವುದು ಯಾಕೆ ಸರ್? ನಾವು ಯಾರನ್ನು ಕೇಳಬೇಕು?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಮೇಡಂ, ನಗರ ಯೋಜನೆಯ ಕೆಲಸದಲ್ಲಿ ಇಂಥ ಗುಂಡಿಗಳನ್ನು ನಾನು ಬಹಳ ನೋಡಿದ್ದೇನೆ. ಒಂದೊಂದಕ್ಕೂ ಒಂದೊಂದು ಕತೆ ಇರುತ್ತದೆ. ಆದರೆ ಕತೆ ಶುರುವಾಗುವುದು ಮಾತ್ರ ಒಂದೇ ರೀತಿ. ಹಳೇ ಟಾಕೀಸ್‌ಗಳೆಲ್ಲ ಊರಿನ ನಡುಮಧ್ಯೆ ಇವೆ. ಸಿನಿಮಾದಿಂದ ಬರುವ ಹಣಕ್ಕಿಂತ ಅವು ನಿಂತ ಜಾಗದ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಅಪ್ಪ ಕಟ್ಟಿಸಿದ್ದು ಮಕ್ಕಳ ಕೈಗೆ ಬರುವ ಹೊತ್ತಿಗೆ ಪಾಲುದಾರರು ಐದಾರು ಮಂದಿ ಆಗಿರುತ್ತಾರೆ. ಬಿಲ್ಡರ್ ಬಂದು ಜಂಟಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಜಾಗ ಮಾಲೀಕರದ್ದು, ಖರ್ಚು ಬಿಲ್ಡರ್‌ದು, ಎದ್ದ ಕಟ್ಟಡದಲ್ಲಿ ಇಬ್ಬರಿಗೂ ಪಾಲು.

ಬಿಲ್ಡರ್ ಹಾಕುವ ಹಣದಲ್ಲಿ ಸ್ವಂತದ್ದು ಕಡಿಮೆ. ಒಂದಿಷ್ಟು ಬ್ಯಾಂಕ್ ಸಾಲ, ಉಳಿದದ್ದು ಅಂಗಡಿ ಬುಕ್ ಮಾಡಿದವರ ಅಡ್ವಾನ್ಸ್. ನೆಲಮಹಡಿಯ ಅಂಗಡಿಗಳು ಬೇಗ ಹೋಗುತ್ತವೆ. ಮೇಲಿನ ಮಹಡಿಗಳು ಹೋಗುವುದಿಲ್ಲ. ಮಲ್ಟಿಪ್ಲೆಕ್ಸ್ ಕಂಪನಿ ಬರುತ್ತದೆ ಅನ್ನುವುದು ಬ್ರೋಷರ್‌ನಲ್ಲಿ ದೊಡ್ಡದಾಗಿ ಇರುತ್ತದೆ, ಆದರೆ ಕಟ್ಟಡ ಮೇಲೇಳುವ ತನಕ ಆ ಕಂಪನಿ ದುಡ್ಡು ಹಾಕುವುದಿಲ್ಲ. ಸೀಟು, ಪರದೆ, ಪ್ರೊಜೆಕ್ಟರ್ ಎಲ್ಲ ಆಮೇಲಿನ ಮಾತು. ಅಂದರೆ ಸಿನಿಮಾದ ಹೆಸರಲ್ಲಿ ಅಂಗಡಿ ಮಾರುತ್ತಾರೆ, ಅಂಗಡಿ ದುಡ್ಡಲ್ಲಿ ಸಿನಿಮಾ ಮಹಡಿ ಕಟ್ಟಬೇಕು. ನಡುವೆ ಒಂದು ವರ್ಷ ವ್ಯಾಪಾರ ಡಲ್ ಆದರೆ ಸಾಕು, ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ಪಾಲುದಾರರಲ್ಲಿ ಒಬ್ಬರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರಂತೂ ವರ್ಷಗಟ್ಟಲೆ ಅಲ್ಲಾಡುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ಇದನ್ನು ಹೊರಗಿನ ಬಿಲ್ಡರ್‌ಗಳು ಲೆಕ್ಕ ಹಾಕುವುದೇ ಇಲ್ಲ. ದಾವಣಗೆರೆ ಸುತ್ತಮುತ್ತ ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಪಾರ್ಕಿಂಗ್‌ಗೆ ಅಂತ ಎರಡು ಮಹಡಿ ಆಳಕ್ಕೆ ಅಗೆದರೆ ಸುತ್ತ ಗಟ್ಟಿ ತಡೆಗೋಡೆ ಬೇಕು. ಅದಿಲ್ಲದೆ ಅಗೆದರೆ ಪಕ್ಕದ ಮನೆ ಗೋಡೆ ಸೀಳುತ್ತದೆ, ದೂರು ಬರುತ್ತದೆ, ಕೆಲಸ ನಿಲ್ಲುತ್ತದೆ. ನಿಮ್ಮ ಮನೆ ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಇವತ್ತೇ ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ.

ಈಗ ಯಾರನ್ನು ಕೇಳಬೇಕು? "ಮಾಲ್ ಯಾವಾಗ ಬರುತ್ತೆ" ಅಂತ ಕೇಳಬೇಡಿ. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಮಹಾನಗರ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ ಅಷ್ಟೇ. ಕಟ್ಟಡ ಪರವಾನಗಿಯ ಅವಧಿ ಇನ್ನೂ ಇದೆಯಾ, ಮುಗಿದಿದ್ದರೆ ನವೀಕರಿಸಿದ್ದಾರಾ ಅಂತ ಕೇಳಿ. ಮಂಜೂರಾದ ನಕ್ಷೆಯ ಪ್ರತಿ ಕೇಳಿ. ನಕ್ಷೆಯಲ್ಲಿ ಚಿತ್ರಮಂದಿರವೇ ಇಲ್ಲದಿರುವುದೂ ಉಂಟು! ಸೊಳ್ಳೆಯ ವಿಷಯವನ್ನು ಇದರ ಜೊತೆ ಸೇರಿಸಬೇಡಿ. ಅದನ್ನು ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಬೇರೆಯಾಗಿ ಬರೆದು ಕೊಡಿ, ನಾಲ್ಕು ಮನೆಯವರ ಸಹಿ ಹಾಕಿಸಿ. ನೀರು ಖಾಲಿ ಮಾಡಿಸುವ ಕೆಲಸಕ್ಕೆ ಯಾವ ಕೋರ್ಟ್ ಕೇಸೂ ಅಡ್ಡ ಬರುವುದಿಲ್ಲ.

ಸರ್ಕಾರಿ ಕೆಲಸ ನಿಲ್ಲುವ ರೀತಿ ಬೇರೆ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ನಿಮಗೆ ನೆನಪಿರಬಹುದು. ಆ ಗೇಟಿನ ತೊಂದರೆ ಬಗೆಹರಿಸುತ್ತಾರೆ ಅನ್ನುವ ಮಾತನ್ನು ಎಷ್ಟು ವರ್ಷ ಕೇಳಿದೆವು! ಹಳಿ ರೈಲ್ವೆಯದ್ದು, ರಸ್ತೆ ಊರಿನದ್ದು. ಎರಡು ಕಡೆಯ ಕಡತ ಒಂದೇ ಟೇಬಲ್ ಮೇಲೆ ಬರುವುದೇ ಕಷ್ಟ. ಸ್ಮಾರ್ಟ್ ಸಿಟಿಯಲ್ಲೂ ಹೀಗೇ ಎರಡು ಕಡೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಆ ಯೋಜನೆಯ ಮೊದಲ 20 ಊರುಗಳಲ್ಲಿ ದಾವಣಗೆರೆ ಹೆಸರು ಬಂತು. ಆ ಯೋಜನೆಗೆ ಬೇರೆ ಕಂಪನಿ, ಪಾಲಿಕೆಗೆ ಬೇರೆ ಆಡಳಿತ. 2025ರ ಮಾರ್ಚ್‌ಗೆ ಯೋಜನೆಯ ಅವಧಿ ಮುಗಿಯಿತು. ಕಟ್ಟಿದ್ದನ್ನು ನೋಡಿಕೊಳ್ಳಬೇಕಾದವರು ಮಾತ್ರ ಪಾಲಿಕೆಯವರೇ.

ಒಂದು ಮಾತು ಹೇಳಲೇಬೇಕು. ಹೊಸ ಕಟ್ಟಡದ ನಕ್ಷೆ ಮಂಜೂರಾಗಿ, ಹಣ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ದಾಖಲೆ ಕೊಟ್ಟ ಮೇಲಷ್ಟೇ ಟಾಕೀಸ್ ಕೆಡವಲು ಬಿಡಬೇಕು. ಮುಂಬೈಯಲ್ಲಿ ಹಳೇ ಚಿತ್ರಮಂದಿರ ಕೆಡವಿ ಕಟ್ಟುವವರು ಹೊಸ ಕಟ್ಟಡದಲ್ಲೂ ಚಿಕ್ಕದೊಂದು ಚಿತ್ರಮಂದಿರ ಇಡಬೇಕು ಅನ್ನುವ ನಿಯಮ ಮಾಡಿದ್ದರು. ನಮ್ಮಲ್ಲೂ ಅಂಥದ್ದು ಬೇಕು. ಓಡುತ್ತಿದ್ದ ಟಾಕೀಸ್ ಹೋಗಿ ಆರು ವರ್ಷ ಗುಂಡಿ ನೋಡುತ್ತಾ ಕೂರುವುದು ಅನ್ಯಾಯ ಅಲ್ವಾ?

ಪ್ರಶ್ನೆ: ಅಂಥದ್ದೇ ಒಂದು ಕಾಂಪ್ಲೆಕ್ಸ್‌ನಲ್ಲಿ ಅಂಗಡಿಗೆ ಅಂತ ಎಂಟು ಲಕ್ಷ ಕೊಟ್ಟಿದ್ದೇನೆ. ರಸೀದಿ ಬಿಟ್ಟರೆ ಬೇರೆ ಕಾಗದ ಇಲ್ಲ. ಈಗ ಬಿಲ್ಡರ್ ಫೋನ್ ಎತ್ತುತ್ತಿಲ್ಲ.
– ಬಟ್ಟೆ ವ್ಯಾಪಾರಿ, ಚಿತ್ರದುರ್ಗ

ಉತ್ತರ: ಆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. 2016ರ ರೇರಾ ಕಾಯ್ದೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಮನೆಗಳಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಅಂಗಡಿಗೂ ಅದು ಅನ್ವಯಿಸುತ್ತದೆ. ಜಾಗ 500 ಚದರ ಮೀಟರ್ ಮೀರಿದ್ದು, ಎಂಟಕ್ಕಿಂತ ಜಾಸ್ತಿ ಅಂಗಡಿಗಳಿದ್ದರೆ ಯೋಜನೆ ನೋಂದಣಿ ಆಗಿರಲೇಬೇಕು. ನೋಂದಾಯಿಸಿದ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಅಂಗಡಿಯ ಬೆಲೆ ಎಷ್ಟು ಅಂತ ನೋಡಿ, ಲೆಕ್ಕ ಹಾಕಿ. ಖರೀದಿದಾರರಿಂದ ಬಂದ ಹಣದಲ್ಲಿ ಶೇ. 70ನ್ನು ಆ ಕಟ್ಟಡಕ್ಕೇ ಅಂತ ಬೇರೆ ಖಾತೆಯಲ್ಲಿ ಇಡಬೇಕು.

ಹೇಳಿದ ದಿನಕ್ಕೆ ಅಂಗಡಿ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಅಂಗಡಿಯೇ ಬೇಕು ಅಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಈ ಕಾಯ್ದೆಯಡಿ ಇರುವ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಕೊಡಿ, ಜಾಗದ ಮಾಲೀಕರನ್ನೂ ಅದರಲ್ಲಿ ಸೇರಿಸಿ. "ಹೊಸ ತಾರೀಖು ಹಾಕಿ ಇನ್ನೊಂದು ಅಗ್ರಿಮೆಂಟ್ ಮಾಡ್ಕೊಳ್ಳೋಣ" ಅಂತ ಯಾರಾದರೂ ಬಂದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ನಮ್ಮ ತಂದೆ ಕಟ್ಟಿಸಿದ ಟಾಕೀಸ್ ಇದೆ. 700 ಸೀಟು. ವರ್ಷಕ್ಕೆ ಎರಡು ಮೂರು ವಾರ ಬಿಟ್ಟರೆ ಖಾಲಿ. ಮಾರಿಬಿಡಿ ಅಂತ ಅಣ್ಣ ಹೇಳುತ್ತಾರೆ. ನನಗೆ ಮನಸ್ಸಿಲ್ಲ. ದಾರಿ ಇದೆಯಾ?
– ಚಿತ್ರದುರ್ಗ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಟಾಕೀಸ್ ಯಾಕೆ ಖಾಲಿ ಆಯಿತು ಅಂತ ಮೊದಲು ನೋಡೋಣ. ಹಿಂದೆ ಹಂಚಿಕೆದಾರರ ಲೆಕ್ಕದಲ್ಲಿ ಚಿತ್ರದುರ್ಗ–ದಾವಣಗೆರೆ ಒಂದು ಏರಿಯಾ. ಬಂದ ಕೆಲವೇ ಪ್ರಿಂಟ್‌ಗಳು ಮೊದಲು ದಾವಣಗೆರೆ, ದುರ್ಗದಂಥ ಊರಲ್ಲಿ ಓಡಿ, ವಾರಗಳಾದ ಮೇಲೆ ನಿಮ್ಮೂರಿಗೆ ಬರುತ್ತಿದ್ದವು. ರೀಲಿನ ಡಬ್ಬಿ ಬಸ್ಸಿನಲ್ಲಿ ಬರುವುದನ್ನು ನಾವು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆವು. ಸಿನಿಮಾ ತಡವಾಗಿ ಬಂದರೂ ಜನ ಕಾಯುತ್ತಿದ್ದರು, ಯಾಕೆಂದರೆ ಬೇರೆ ದಾರಿ ಇರಲಿಲ್ಲ. ಡಿಜಿಟಲ್ ಬಂದ ಮೇಲೆ ಎಲ್ಲ ಊರಿಗೂ ಒಂದೇ ಶುಕ್ರವಾರ. ಕೆಲವೇ ವಾರಗಳಲ್ಲಿ ಮೊಬೈಲಿಗೂ ಬರುತ್ತದೆ. ತಡವಾಗಿ ಓಡಿಸಿ ಬದುಕುತ್ತಿದ್ದ ಟಾಕೀಸ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಹಾಗಾದರೆ ಈಗ 700 ಸೀಟು ಬೇಡ. ಅರವತ್ತು ಜನ ಬಂದರೂ ಇಡೀ ಹಾಲ್‌ಗೆ ಫ್ಯಾನು, ಜನರೇಟರ್, ಕಸ ಗುಡಿಸುವವರು ಎಲ್ಲ ಬೇಕು. ಬಾಲ್ಕನಿಯನ್ನು ಬೇರೆ ಮಾಡಿ ಚಿಕ್ಕ ಪರದೆ, ಕೆಳಗೆ 250 ಸೀಟಿನ ಒಂದು ಪರದೆ ಮಾಡಬಹುದಾ ಅಂತ ಒಳ್ಳೆಯ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ರಸ್ತೆ ಕಡೆಯ ಖಾಲಿ ಜಾಗದಲ್ಲಿ ಅಂಗಡಿ ಕಟ್ಟಿ ಬಾಡಿಗೆಗೆ ಕೊಡಿ. ಕೆಡವದೇ ಆದಾಯ ಬರುತ್ತದೆ, ಅಣ್ಣನವರಿಗೂ ಪಾಲು ಸಿಗುತ್ತದೆ. ಏನೇ ಬದಲಾಯಿಸಿದರೂ ಜಿಲ್ಲಾಧಿಕಾರಿಗಳ ಅನುಮತಿ ಬೇಕು, 1964ರ ಸಿನಿಮಾ ಕಾಯ್ದೆಯಡಿ ಲೈಸೆನ್ಸ್ ಕೊಡುವವರು ಅವರೇ. ಒಳಗೆ ಗೋಡೆ ಎಬ್ಬಿಸುವಾಗ ಹೊರಹೋಗುವ ಬಾಗಿಲು ಒಂದೂ ಮುಚ್ಚಬೇಡಿ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರು. ದಾರಿ ಮುಚ್ಚಿದ್ದರಿಂದ ಬಾಲ್ಕನಿಯಲ್ಲಿದ್ದವರು ಹೊರಗೆ ಬರಲಾಗಲಿಲ್ಲ.

ಟಿಕೆಟ್ ದರವನ್ನೂ ನೋಡಿ ಇಡಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18. ದರ 100 ಇಟ್ಟರೆ ಪ್ರೇಕ್ಷಕರು ಕೊಡುವುದು 105. ನೀವು 110 ಮಾಡಿದರೆ ಅವರು 129 ರೂಪಾಯಿ 80 ಪೈಸೆ ಕೊಡಬೇಕು. ನಿಮಗೆ ಹತ್ತು ರೂಪಾಯಿ ಸಿಗುವುದಕ್ಕೆ ಅವರ ಜೇಬಿಂದ ಸುಮಾರು 25 ಹೋಗುತ್ತದೆ. ಸುಮ್ನೆ 100ಕ್ಕೇ ನಿಲ್ಲಿಸಿ.

ಪ್ರಶ್ನೆ: ಟಿಕೆಟ್‌ಗೆ 200 ರೂಪಾಯಿ ಮಿತಿ ಬಂದರೆ ಟಾಕೀಸ್‌ಗಳು ಉಳಿಯುತ್ತವಾ?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಆ ನಿಯಮವನ್ನು ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮಿತಿಯಿಂದ ಹೆಚ್ಚು ಉಪಯೋಗ ಆಗುವುದು ಬೆಂಗಳೂರಿನ ಮಲ್ಟಿಪ್ಲೆಕ್ಸ್ ಪ್ರೇಕ್ಷಕರಿಗೆ. ನಮ್ಮ ಕಡೆಯ ಒಂಟಿ ಪರದೆಯ ಟಾಕೀಸ್‌ಗಳ ತೊಂದರೆ ದರದ್ದಲ್ಲ. ನಮ್ಮ ಮಾವ ಕಾಟನ್ ಮಿಲ್‌ನಲ್ಲಿದ್ದರು. ಶಿಫ್ಟ್ ಮುಗಿಸಿ ನೇರ ಸೆಕೆಂಡ್ ಶೋಗೆ ಹೋಗುತ್ತಿದ್ದರು, ಜೊತೆಗೆ ಅವರ ಲೈನಿನ ಹತ್ತು ಮಂದಿ. ಮಿಲ್‌ಗಳು ಮುಚ್ಚಿದವು, ಆ ಪ್ರೇಕ್ಷಕರೂ ಹೋದರು. ಈಗ ಬರಬೇಕಾದವರು ಕುಟುಂಬದವರು. ಹೋದ ತಿಂಗಳು ತಂಗಿಯನ್ನು ಸಿನಿಮಾಕ್ಕೆ ಕರೆದೆ. ಅವಳು ಯಾವ ಸಿನಿಮಾ ಅಂತ ಕೇಳಲಿಲ್ಲ, "ಅಲ್ಲಿ ಲೇಡೀಸ್ ಟಾಯ್ಲೆಟ್ ಚೆನ್ನಾಗಿದೆಯಾ ಅಣ್ಣ?" ಅಂದಳು.